ಈಜಿ ಬರುವ ಕೊಳೆರೋಗ

ಆಷಾಢದ ಮಳೆ ಬಿಡದೆ ಹೊಯ್ದು, ನಡುನಡುವೆ ಬಿಸಿಲು ಇಣುಕತೊಡಗಿದರೆ ಅಡಿಕೆ ಬೆಳೆಗಾರರ ಎದೆ ಡವಗುಟ್ಟುತ್ತದೆ. ಮರದ ಬುಡದಲ್ಲಿ ಹಸಿರಡಿಕೆ ಉದುರಿರುತ್ತದೆ. ಒಂದನ್ನು ಎತ್ತಿ ತೊಟ್ಟಿನ ಬಳಿ ನೋಡಿ: ಹೊಳಪು ಹೋಗಿ, ನೀರಲ್ಲಿ ನೆನೆದಂಥ ಕಡುಹಸಿರು ಕಲೆ ಮೂಡಿರುತ್ತದೆ. ಅಲ್ಲೇ ಬಿಟ್ಟರೆ ಮೈತುಂಬ ಬಿಳಿ ಬೂಷ್ಟು. ಇದೇ ಕೊಳೆರೋಗ, ಕರಾವಳಿಯವರ ಮಹಾಳಿ.

ಇದನ್ನು ತರುವುದು ಫೈಟಾಫ್ತೊರ ಕುಲದ ಜೀವಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿದ್ದೂ ಇದೇ ಕುಲದ ಇನ್ನೊಂದು ಜೀವಿ. ಆಮೇಲಿನ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಶಿಲೀಂಧ್ರ ಎಂದು ಕರೆದು ನಮಗೆ ರೂಢಿ. ಆದರೆ ವಂಶಾವಳಿಯಲ್ಲಿ ಇದು ಕಂದು ಪಾಚಿಗಳಿಗೆ ಹತ್ತಿರ. ಹಾಗಾಗಿಯೇ ಬೇರೆ ಬೂಷ್ಟುಗಳನ್ನು ಕೊಲ್ಲುವ ಎಷ್ಟೋ ಔಷಧಗಳು ಇದರ ಕೂದಲೂ ಕೊಂಕಿಸುವುದಿಲ್ಲ.

ಇದರ ಬದುಕು ನಿಂತಿರುವುದೇ ನೀರಿನ ಮೇಲೆ. ಬೂಷ್ಟಿನ ಎಳೆಗಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು ಬೆಳೆಯುತ್ತವೆ. ನೀರು ಸೋಕಿ, ತಂಪು ಏರಿದಾಗ ಚೀಲ ಒಡೆದು ಬೀಜಾಣುಗಳು ಹೊರಬರುತ್ತವೆ. ಒಂದೊಂದಕ್ಕೂ ಎರಡೆರಡು ಬಾಲ. ಅಡಿಕೆಯ ಮೇಲಿನ ತೆಳು ನೀರಿನ ಪೊರೆಯೇ ಅವಕ್ಕೆ ಈಜಲು ಸಾಕು. ಗಿಡದಿಂದ ಒಸರುವ ರಾಸಾಯನಿಕಗಳ ಜಾಡು ಹಿಡಿದು ಸಾಗಿ, ತಕ್ಕ ಜಾಗದಲ್ಲಿ ಬಾಲ ಕಳಚಿ ಅಂಟಿಕೊಳ್ಳುತ್ತವೆ. ಅಲ್ಲಿಂದ ಮೊಳಕೆಯಂಥ ನಳಿಕೆ ಹೊರಟು ಒಳಗೆ ನುಗ್ಗುತ್ತದೆ. ಕಲೆ ಕಾಣುವುದು ಇದೆಲ್ಲ ಮುಗಿದ ಮೇಲೆ! ಅಷ್ಟರಲ್ಲಿ ಗಾಳಿಮಳೆಯ ಹನಿಗಳು ಬೀಜಾಣುಗಳನ್ನು ಪಕ್ಕದ ಗೊನೆಗೆ, ಪಕ್ಕದ ಮರಕ್ಕೆ ದಾಟಿಸಿರುತ್ತವೆ.

ಈ ರೋಗದ ಜಾಡು ಹಿಡಿದವರಲ್ಲಿ ಮೊದಲಿಗರು ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ಆಗ ಮಲೆನಾಡಿಗರು ಗೊನೆಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಸೂಕ್ಷ್ಮದರ್ಶಕ ಕಾಣದ ಜನ ರೋಗದ ಮರ್ಮವನ್ನು ಎಷ್ಟು ಸರಿಯಾಗಿ ಹಿಡಿದಿದ್ದರು ಎಂದು ನನಗೆ ಈಗಲೂ ಬೆರಗು. ಕೋಲ್ಮನ್ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು.

1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು: ಈ ದ್ರಾವಣದ ಲೆಕ್ಕ ಇಷ್ಟೇ. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಗೊನೆಗೆ ಅಂಟಿದ ಈ ತಾಮ್ರ ಬೀಜಾಣುವನ್ನು ಹೊರಗಡೆಯೇ ಕೊಲ್ಲುತ್ತದೆ. ಒಳಹೊಕ್ಕ ರೋಗವನ್ನು ಮುಟ್ಟುವುದಿಲ್ಲ. ಮುಂಗಾರು ಹಿಡಿಯುವ ಮೊದಲೇ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಿರಿ ಎನ್ನುವುದು ಅದಕ್ಕೇ. ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ಸಿಗಲಿಲ್ಲವೆಂದು ಮೊದಲ ಮದ್ದು ತಡವಾದರೆ ಆ ನಷ್ಟ ತುಂಬುವುದು ಕಷ್ಟ. ಉದುರಿದ ಕಾಯಿಗಳನ್ನು ಹೆಕ್ಕಿ ತೋಟದಿಂದಾಚೆ ಹಾಕಬೇಕು, ಮರದಲ್ಲೇ ಒಣಗಿ ನಿಂತ ರೋಗದ ಗೊನೆಗಳನ್ನು ಇಳಿಸಿ ಸುಡಬೇಕು. ಮುಂದಿನ ಮಳೆಗಾಲದ ರೋಗಕ್ಕೆ ಅವುಗಳಲ್ಲೇ ಬಿತ್ತನೆ ಉಳಿದಿರುತ್ತದೆ.