ಓದು ನಿಲ್ಲುವ ಅಧ್ಯಾಯದಲ್ಲೇ ಕಥೆಯ ಎಳೆ

ಪ್ರತಿ ಜನವರಿಯಲ್ಲಿ ನಮ್ಮ ಕ್ರೈಸ್ತ ಸಭೆಯ ಹಲವರು ಸತ್ಯವೇದವನ್ನು, ಅಂದರೆ ಬೈಬಲನ್ನು, ಮೊದಲಿನಿಂದ ಕಡೆಯವರೆಗೆ ಓದಿ ಮುಗಿಸುವ ಸಂಕಲ್ಪ ಮಾಡುತ್ತಾರೆ. ಆದಿಕಾಂಡ ಸರಾಗವಾಗಿ ಸಾಗುತ್ತದೆ. ಯೋಸೇಫನು ಅಣ್ಣಂದಿರ ಮುಂದೆ ಅಳುವಾಗ ಓದುವವರ ಕಣ್ಣೂ ಒದ್ದೆಯಾಗುತ್ತದೆ. ಐಗುಪ್ತದ ಉಪದ್ರವಗಳು, ಕೆಂಪು ಸಮುದ್ರ, ಸೀನಾಯಿ ಬೆಟ್ಟದವರೆಗೂ ತೊಂದರೆಯಿಲ್ಲ. ವಿಮೋಚನಕಾಂಡದ 25ನೆಯ ಅಧ್ಯಾಯದಿಂದ ಮರುಭೂಮಿಯಲ್ಲಿ ದೇವರಿಗಾಗಿ ಕಟ್ಟಬೇಕಾದ ಗುಡಾರದ ವಿವರಗಳು, ಜಾಲೀಮರದ ಹಲಗೆಗಳು, ಬೆಳ್ಳಿಯ ಗದ್ದಿಗೇಕಲ್ಲುಗಳು, ನೀಲಿ ದಾರದ ಕುಣಿಕೆಗಳು, ಮೊಳದ ಲೆಕ್ಕಗಳು ಶುರುವಾಗುತ್ತವೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಗುರುತಿಗೆ ಇಟ್ಟ ದಾರ ಅಲ್ಲೇ ಉಳಿದಿರುತ್ತದೆ.

ಸಭೆಗಳಲ್ಲಿ ಬಹುಕಾಲದಿಂದ ಸತ್ಯವೇದ ಅಧ್ಯಯನ ನಡೆಸುತ್ತಿರುವ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕಂಡಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ, ಏಕೆಂದರೆ ಇಡೀ ಗ್ರಂಥವನ್ನು ಒಂದಾಗಿ ಹೊಲಿದಿರುವ ಎಳೆ ಕೈಗೆ ಸಿಗುವುದು ಆ ಅಧ್ಯಾಯಗಳಲ್ಲೇ.

ಸತ್ಯವೇದ ಒಂದು ಪುಸ್ತಕವೆನ್ನುವುದಕ್ಕಿಂತ ಒಂದು ಕಪಾಟು ಎಂದರೆ ಸರಿ. ಪ್ರೊಟೆಸ್ಟೆಂಟ್ ಸಭೆಗಳ ಪ್ರತಿಯಲ್ಲಿ 66 ಪುಸ್ತಕಗಳು, ಕಥೋಲಿಕ ಪ್ರತಿಯಲ್ಲಿ 73. ಹೀಬ್ರೂ, ಅರಾಮಿಕ್, ಗ್ರೀಕ್ ಎಂಬ ಮೂರು ಭಾಷೆಗಳು. ಕಾನೂನು, ವಂಶಾವಳಿ, ಹಾಡು, ಗೋಳು, ಪತ್ರ, ದರ್ಶನ. ಇದೆಲ್ಲ ಒಂದೇ ಕಥೆ ಹೇಗಾದೀತು ಎಂದು ಯುವಕರು ಕೇಳುತ್ತಾರೆ. ರಕ್ಷಣೆಯ ಕಥೆ, ದೇವರ ರಾಜ್ಯದ ಕಥೆ, ಒಡಂಬಡಿಕೆಯ ಕಥೆ ಎಂದು ಬೋಧಕರು ಉತ್ತರಿಸುತ್ತಾರೆ. ಎಲ್ಲವೂ ಸರಿಯೇ. ಆದರೆ ರಕ್ಷಣೆ ಯಾವುದಕ್ಕಾಗಿ, ಒಡಂಬಡಿಕೆ ಯಾವುದಕ್ಕಾಗಿ ಎಂದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳಿದರೆ ನನಗೆ ಸಿಗುವ ಉತ್ತರ ಇದು: ದೇವರು ಮನುಷ್ಯರ ನಡುವೆ ಮನೆ ಮಾಡಬೇಕೆಂದಿದ್ದಾನೆ.

ಏದೆನ್ ತೋಟದಲ್ಲಿ ಸಂಜೆಯ ತಂಗಾಳಿಯಲ್ಲಿ ದೇವರು ತಿರುಗಾಡುತ್ತಾನೆ. ತೋಟವನ್ನು ವ್ಯವಸಾಯ ಮಾಡಿ ಕಾಯುವ ಕೆಲಸವನ್ನು ಆದಾಮನಿಗೆ ಕೊಡುತ್ತಾನೆ. ಅಲ್ಲಿ ಬರುವ ಎರಡು ಹೀಬ್ರೂ ಕ್ರಿಯಾಪದಗಳೇ ಮುಂದೆ ಅರಣ್ಯಕಾಂಡದಲ್ಲಿ ದೇವರ ಸೇವೆಗೆ ನೇಮಕವಾದ ಕುಲದವರಾದ ಲೇವಿಯರು ಗುಡಾರದಲ್ಲಿ ಮಾಡುವ ಸೇವೆಗೂ ಕಾವಲಿಗೂ ಜೊತೆಯಾಗಿ ಬರುತ್ತವೆ. ಅಂದರೆ ಆ ತೋಟವೇ ಮೊದಲ ಪವಿತ್ರಸ್ಥಾನ. ಪಾಪದ ನಂತರ ಮನುಷ್ಯ ಹೊರಬಿದ್ದ. ತೋಟದ ಪೂರ್ವದಲ್ಲಿ ಕೆರೂಬಿಯರೆಂಬ ರೆಕ್ಕೆಯ ದಿವ್ಯಜೀವಿಗಳು ಕಾವಲು ನಿಂತರು. ಗುಡಾರದ ಬಾಗಿಲು ಪೂರ್ವಕ್ಕೇ ಇತ್ತು. ಗುಡಾರದ ಒಳಕೋಣೆಯಾದ ಮಹಾಪವಿತ್ರಸ್ಥಾನವನ್ನು ಮರೆಮಾಡುವ ತೆರೆಯ ಮೇಲೆ ಕೆರೂಬಿಯರನ್ನೇ ನೇಯಲು ಅಪ್ಪಣೆಯಾಯಿತು. ಬಟ್ಟೆಯ ವಿವರವೆಂದು ನಾವು ದಾಟಿಹೋಗುವ ಆ ಒಂದು ವಚನ, ಮುಚ್ಚಿದ ತೋಟದ ಬಾಗಿಲನ್ನು ಮರುಭೂಮಿಯ ನಡುವೆ ತಂದು ನಿಲ್ಲಿಸುತ್ತದೆ.

ಗುಡಾರದ ನಕ್ಷೆಗೂ ಅದನ್ನು ಕಟ್ಟುವ ಕೆಲಸಕ್ಕೂ ನಡುವೆ, 32ನೆಯ ಅಧ್ಯಾಯದಲ್ಲಿ, ಜನರು ಚಿನ್ನದ ಬಸವನನ್ನು ಮಾಡಿಕೊಳ್ಳುತ್ತಾರೆ. ಆಗ ದೇವರು ಮೋಶೆಗೆ ಹೇಳುವ ಮಾತು ನನಗೆ ಇಡೀ ಹಳೇ ಒಡಂಬಡಿಕೆಯಲ್ಲೇ ಅತ್ಯಂತ ಭಯಂಕರವಾದದ್ದು. ಹಾಲೂ ಜೇನೂ ಹರಿಯುವ ದೇಶಕ್ಕೆ ನೀವು ಹೋಗಿರಿ, ದೂತನನ್ನು ಮುಂದೆ ಕಳುಹಿಸುತ್ತೇನೆ, ಶತ್ರುಗಳನ್ನು ಓಡಿಸುತ್ತೇನೆ, ಆದರೆ ನಾನು ಮಾತ್ರ ನಿಮ್ಮ ನಡುವೆ ಬರುವುದಿಲ್ಲ. ಕೇಳಿದ್ದೆಲ್ಲವೂ ಸಿಗುತ್ತದೆ, ದೇವರೊಬ್ಬನನ್ನು ಬಿಟ್ಟು. ಮೋಶೆ ಒಪ್ಪುವುದಿಲ್ಲ. ನೀನು ಬಾರದಿದ್ದರೆ ನಮ್ಮನ್ನು ಇಲ್ಲಿಂದ ಹೊರಡಿಸಲೇ ಬೇಡ ಎನ್ನುತ್ತಾನೆ. ದೇಶಕ್ಕಿಂತ ಮರುಭೂಮಿಯೇ ಸಾಕು, ನೀನಿದ್ದರೆ. ಕೆಲಸಕ್ಕಾಗಿ, ಆರೋಗ್ಯಕ್ಕಾಗಿ, ಮಕ್ಕಳ ಮದುವೆಗಾಗಿ ಪ್ರಾರ್ಥನೆ ಕೇಳಿಕೊಂಡು ಬರುವವರೊಡನೆ ನಾನು ಮೊಣಕಾಲೂರುವಾಗ ಈ ಅಧ್ಯಾಯ ನೆನಪಾಗುತ್ತದೆ. ಆ ಬೇಡಿಕೆಗಳು ತಪ್ಪಲ್ಲ. ಆದರೆ ದೂತನೂ ದೇಶವೂ ಸಿಕ್ಕರೆ ನಮಗೆ ಸಾಕೇ ಎಂದು ನನ್ನನ್ನೇ ಕೇಳಿಕೊಳ್ಳದೆ ಏಳಲಾರೆ.

ಮೋಶೆಯ ಮೊರೆ ಕೇಳಲ್ಪಡುತ್ತದೆ. ಗುಡಾರ ಎದ್ದು ನಿಲ್ಲುತ್ತದೆ, ಯೆಹೋವನ ತೇಜಸ್ಸು ಅದನ್ನು ತುಂಬುತ್ತದೆ, ಎಷ್ಟೆಂದರೆ ಮೋಶೆಯೇ ಒಳಗೆ ಹೋಗಲಾರ. ಮುಂದೆ ಯಾಜಕಕಾಂಡ ಇರುವುದು ಈ ಬಿಕ್ಕಟ್ಟಿಗಾಗಿಯೇ: ಪರಿಶುದ್ಧನಾದ ದೇವರ ಪಕ್ಕದಲ್ಲಿ ಅಪರಿಶುದ್ಧರು ಬದುಕುವುದು ಹೇಗೆ? ಅದರ ಮೊದಲ ವಚನದಲ್ಲಿ ದೇವರು ಗುಡಾರದೊಳಗಿನಿಂದ ಮೋಶೆಯನ್ನು ಕರೆಯುತ್ತಾನೆ. ಅರಣ್ಯಕಾಂಡದ ಮೊದಲ ವಚನದಲ್ಲಿ ಮೋಶೆಯೊಡನೆ ಗುಡಾರದಲ್ಲಿಯೇ ಮಾತನಾಡುತ್ತಾನೆ. ಯಜ್ಞಗಳೂ, ಮಹಾಯಾಜಕನು ವರ್ಷಕ್ಕೊಮ್ಮೆ ಒಳಕೋಣೆಗೆ ಹೋಗುವ ದೋಷಪರಿಹಾರಕ ದಿನವೂ ಈ ಎರಡು ವಚನಗಳ ನಡುವಿನ ದಾರಿ.

ಗುಡಾರದ ನಂತರ ಅರಸ ಸೊಲೊಮೋನನು ಯೆರೂಸಲೇಮಿನಲ್ಲಿ ಕಟ್ಟಿಸಿದ ದೇವಾಲಯದ ಕಥೆ ಎಲ್ಲರಿಗೂ ಗೊತ್ತು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬೆಲಿನ ಸೇನೆ ಅದನ್ನು ಸುಟ್ಟಿತು. ಕಟ್ಟಡ ಬೀಳುವ ಮುಂಚೆಯೇ ತೇಜಸ್ಸು ಹೊರಟುಹೋದದ್ದನ್ನು ಪ್ರವಾದಿ ಯೆಹೆಜ್ಕೇಲನು ದರ್ಶನದಲ್ಲಿ ಕಂಡಿದ್ದ; ಅದು ಹೊಸ್ತಿಲಿಗೆ ಬಂದು ನಿಂತು, ಪೂರ್ವದ ಬಾಗಿಲಿಗೆ ಸರಿದು, ಪಟ್ಟಣದ ಪೂರ್ವಕ್ಕಿರುವ ಬೆಟ್ಟದ ಮೇಲೆ ನಿಂತಿತು. ಸೆರೆಯಿಂದ ಮರಳಿದವರು ಮತ್ತೆ ಅಸ್ತಿವಾರ ಹಾಕಿದಾಗ ಮೊದಲ ಆಲಯವನ್ನು ನೋಡಿದ್ದ ಮುದುಕರು ಗಟ್ಟಿಯಾಗಿ ಅತ್ತರು ಎಂದು ಎಜ್ರನ ಪುಸ್ತಕ ಹೇಳುತ್ತದೆ. ಎರಡನೆಯ ಆಲಯ ಪೂರ್ತಿಯಾಯಿತು, ಹಬ್ಬವೂ ನಡೆಯಿತು, ಆದರೆ ತೇಜಸ್ಸಿನ ಮೇಘ ಬಂದು ತುಂಬಿತೆಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಹೀಬ್ರೂ ಗ್ರಂಥಗಳನ್ನು ಯೆಹೂದ್ಯರು ಜೋಡಿಸುವ ಕ್ರಮದಲ್ಲಿ ಕೊನೆಯ ಪುಸ್ತಕ ಪೂರ್ವಕಾಲವೃತ್ತಾಂತ. ಅದು ಯೆರೂಸಲೇಮಿನ ಆಲಯ ಕಟ್ಟಲು ಹೊರಡಿರೆಂಬ ಪಾರಸಿಯ ಅರಸ ಕೋರೆಷನ ಕರೆಯಿಂದ ಮುಗಿಯುತ್ತದೆ. ನಮ್ಮ ಕ್ರಮದಲ್ಲಿ ಹಳೇ ಒಡಂಬಡಿಕೆಯ ಕೊನೆಯ ಪುಸ್ತಕ ಮಲಾಕಿಯ. ಕರ್ತನು ತನ್ನ ಆಲಯಕ್ಕೆ ಫಕ್ಕನೆ ಬರುವನೆಂದು ಅದರ ಮೂರನೆಯ ಅಧ್ಯಾಯ ಹೇಳುತ್ತದೆ. ಯೆಹೂದ್ಯರು ಈ ಗ್ರಂಥಗಳನ್ನು ತಮ್ಮದೇ ಬೆಳಕಿನಲ್ಲಿ ಓದುತ್ತಾರೆ, ಅದನ್ನು ನಾವು ಗೌರವಿಸಬೇಕು. ಎರಡು ಜೋಡಣೆಗಳಲ್ಲೂ ಕೊನೆಗೆ ಕಾಣುವುದು ದೇವರಿಗಾಗಿ ಕಾದಿರುವ ಮನೆಯೇ.

ಆ ಕಾಯುವಿಕೆಯ ಮೇಲೆ ಯೋಹಾನನ ಸುವಾರ್ತೆ ಬಾಗಿಲು ತೆರೆಯುತ್ತದೆ. ವಾಕ್ಯವೆಂಬಾತನು ನರಾವತಾರ ಎತ್ತಿ ನಮ್ಮ ಮಧ್ಯದಲ್ಲಿ ವಾಸಮಾಡಿದನು ಎಂದು ನಾವು ಕ್ರಿಸ್ಮಸ್‌ನಲ್ಲಿ ಓದುವ ಕಡೆ ಗ್ರೀಕ್ ಕ್ರಿಯಾಪದದ ಅರ್ಥ ಗುಡಾರ ಹಾಕಿದನು ಎಂದು. ಮರುಭೂಮಿಯ ಅಧ್ಯಾಯಗಳನ್ನು ಬಿಟ್ಟು ಬಂದವನಿಗೆ ಆ ಪದ ಸುಮ್ಮನೆ ಒಂದು ಪದ. ಅವುಗಳನ್ನು ಮೊಳ ಮೊಳವಾಗಿ ದಾಟಿ ಬಂದವನಿಗೆ ಮೈ ಜುಮ್ಮೆನ್ನುತ್ತದೆ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟಾಗ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು. ತೋಟದ ಹಾದಿ ತೆರೆಯಿತೆಂದು ಕ್ರೈಸ್ತರು ಅದನ್ನು ಓದುತ್ತಾರೆ. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನೂ ಕೆಡವಿದರು.

ಹಾಗಾದರೆ ಇಂದು ಆಲಯ ಎಲ್ಲಿದೆ? ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ, ನೀವು ದೇವರ ಆಲಯವಾಗಿದ್ದೀರಿ ಎಂದು ಬರೆಯುತ್ತಾನೆ. ನಮ್ಮ ಹಳೆಯ ಕನ್ನಡ ಅನುವಾದ ಒಬ್ಬನನ್ನು, ದೇವರನ್ನೂ ಸೇರಿಸಿ, ನೀನು ಎಂದೇ ಕರೆಯುತ್ತದೆ. ಆದ್ದರಿಂದ ಅಲ್ಲಿಯ ನೀವು ಮರ್ಯಾದೆಯ ಮಾತಲ್ಲ, ಬಹುವಚನ. ಗ್ರೀಕಿನಲ್ಲೂ ಹಾಗೆಯೇ. ಆಲಯವೆಂದರೆ ಒಟ್ಟಾಗಿ ಕೂಡಿದ ಸಭೆ. ಆ ಅಧ್ಯಾಯ ಬರೆದ ಸಂದರ್ಭವೇ ಜಗಳ. ಒಬ್ಬ ಪೌಲನ ಕಡೆ, ಇನ್ನೊಬ್ಬ ಬೋಧಕ ಅಪೊಲ್ಲೋಸನ ಕಡೆ. ಆಸ್ತಿಗಾಗಿ, ಸಮಿತಿಯ ಚುನಾವಣೆಗಾಗಿ ಸಭೆಗಳು ಸೀಳಿಹೋಗುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆಗ ಎರಡೂ ಪಕ್ಷದವರಿಗೆ ಓದಿ ಹೇಳುವುದು ಮುಂದಿನ ವಚನವನ್ನು: ದೇವರ ಆಲಯವನ್ನು ಕೆಡಿಸುವವನನ್ನು ದೇವರು ಕೆಡಿಸುವನು.

ಸಾವಿನ ಮನೆಗಳಲ್ಲಿ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 21ನೆಯ ಅಧ್ಯಾಯವನ್ನು ಓದುತ್ತೇವೆ. ಆತ್ಮವು ಕರ್ತನ ಬಳಿ ಸೇರಿತೆಂಬ ಸಮಾಧಾನ ನಿಜ. ಆದರೆ ಆ ಅಧ್ಯಾಯದಲ್ಲಿ ಯಾರೂ ಮೇಲಕ್ಕೆ ಹೋಗುವುದಿಲ್ಲ, ಹೊಸ ಯೆರೂಸಲೇಮ್ ಎಂಬ ಪಟ್ಟಣವೇ ಕೆಳಗಿಳಿದು ಬರುತ್ತದೆ, ದೇವರ ಗುಡಾರ ಮನುಷ್ಯರೊಂದಿಗೆ ಇದೆ ಎಂಬ ಘೋಷಣೆಯೊಂದಿಗೆ. ಅಲ್ಲಿ ದೇವಾಲಯವಿಲ್ಲ.

ಏಕೆ ಇಲ್ಲ ಎಂಬುದನ್ನು ನನಗೆ ಕಾಣಿಸಿದವರು ನಮ್ಮ ಅಧ್ಯಯನಕ್ಕೆ ಬರುವ ಮರಗೆಲಸದ ಹಿರಿಯರೊಬ್ಬರು. ಎಲ್ಲರೂ ಆಕಳಿಸುವ ಅಳತೆಗಳನ್ನು ಅವರು ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು. ಸೊಲೊಮೋನನ ಮಹಾಪವಿತ್ರಸ್ಥಾನ 20 ಮೊಳ ಉದ್ದ, 20 ಮೊಳ ಅಗಲ, 20 ಮೊಳ ಎತ್ತರ, ಒಳಗೆಲ್ಲ ಚಿನ್ನದ ತಗಡು. ಪ್ರಕಟನೆಯ ಪಟ್ಟಣವೂ ಚಿನ್ನದ್ದು, ಉದ್ದ ಅಗಲ ಎತ್ತರ ಮೂರೂ ಸಮ, ಗ್ರೀಕ್ ಅಳತೆಯಲ್ಲಿ 12,000 ಸ್ತಾದಿ, ಎಂದರೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಅವರು ಎರಡು ಚೌಕಗಳನ್ನು ಪಕ್ಕಪಕ್ಕದಲ್ಲಿ ಎಳೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ‘ಅಯ್ಯನವರೇ, ವರ್ಷಕ್ಕೊಮ್ಮೆ ಒಬ್ಬನೇ ಹೋಗುತ್ತಿದ್ದ ಕೋಣೆ ಇದು. ಈಗ ಊರೇ ಆ ಕೋಣೆಯೊಳಗಿದೆ.’