ಲೈಕಿನ ಲೆಕ್ಕ, ಬುಕಿಂಗಿನ ಲೆಕ್ಕ

2007ರಲ್ಲಿ ಅಮೆರಿಕದ ಜೋ ಫರ್ನಾಂಡಿಸ್‌ಗೆ ದವಡೆಯ ಶಸ್ತ್ರಚಿಕಿತ್ಸೆ ಆಯಿತು. ತಂತಿ ಬಿಗಿದ ಬಾಯಿಂದ ತಿಂಗಳುಗಟ್ಟಲೆ ಮಾತು ಹೊರಡುವಂತಿಲ್ಲ. ಲೋಕದ ನಂಟೆಲ್ಲ ಫೇಸ್‌ಬುಕ್, ಟ್ವಿಟರ್ ಮೂಲಕವೇ. ಯಾರ ಮಾತನ್ನು ಯಾರು ಕೇಳುತ್ತಾರೆಂದು ನೋಡುತ್ತ ಕೂತವನಿಗೆ ಇದನ್ನು ಅಳೆಯಬಹುದಲ್ಲ ಅನ್ನಿಸಿತು. ಮರುವರ್ಷ ಹುಟ್ಟಿದ ಕ್ಲೌಟ್ ಕಂಪನಿ ಜಾಲತಾಣಿಗರ ಪ್ರಭಾವಕ್ಕೆ 1ರಿಂದ 100ರವರೆಗೆ ಅಂಕ ಕೊಡತೊಡಗಿತು. ಒಂದು ಹಂತದಲ್ಲಿ ಗಾಯಕ ಜಸ್ಟಿನ್ ಬೀಬರ್‌ಗೆ ಪೂರ್ತಿ 100, ಅಧ್ಯಕ್ಷ ಒಬಾಮಾಗೆ ಅದಕ್ಕಿಂತ ಕಡಿಮೆ! 2011ರ ಅಕ್ಟೋಬರಿನಲ್ಲಿ ಸೂತ್ರ ಬದಲಾದಾಗ ಎಷ್ಟೋ ಜನರ ಅಂಕ ರಾತ್ರೋರಾತ್ರಿ ಕುಸಿಯಿತು, ಅವರನ್ನು ಕೇಳುವವರೇನೂ ಕಡಿಮೆಯಾಗಿರಲಿಲ್ಲ. 2018ರ ಮೇ 25ರಂದು ಕ್ಲೌಟ್ ಬಾಗಿಲು ಹಾಕಿತು.

ಅದು ಹಚ್ಚಿದ ಚಟ ಮಾತ್ರ ಬಿಟ್ಟಿಲ್ಲ. ಮದುವೆ ಫೋಟೋ ತೆಗೆಯುವವರನ್ನೇ ಕೇಳಿ: ಪ್ರೀ-ವೆಡ್ಡಿಂಗ್ ರೀಲ್ಸ್‌ಗೆ ಎಷ್ಟು ವ್ಯೂಸ್, ಫಾಲೋವರ್ಸ್ ಎಷ್ಟು ಸಾವಿರ ಎಂಬುದು ಬಾಯಿಪಾಠ. ಅದರಿಂದ ಎಷ್ಟು ಮದುವೆ ಬುಕ್ ಆದವು ಎಂದರೆ ಉತ್ತರ ತಡವರಿಸುತ್ತದೆ.

ಸಂಶೋಧಕಿ ಮೀಯಂಗ್ ಚಾ ಮತ್ತು ಸಂಗಡಿಗರು 2010ರಲ್ಲಿ ಸುಮಾರು 5.5 ಕೋಟಿ ಟ್ವಿಟರ್ ಖಾತೆಗಳನ್ನು ಜಾಲಾಡಿ, ಫಾಲೋವರ್ಸ್ ಸಂಖ್ಯೆಗೂ ಒಬ್ಬರ ಮಾತು ಮರುಹಂಚಿಕೆಯಾಗುವುದಕ್ಕೂ ನಂಟು ತೀರಾ ತೆಳು ಎಂದು ತೋರಿಸಿದರು. ಛಾಯಾಗ್ರಾಹಕರ ವಿಷಯದಲ್ಲಿ ಇದು ಇನ್ನೂ ನಿಜ. ಒಳ್ಳೆಯ ಚಿತ್ರಕ್ಕೆ ಮೊದಲು ಓಡಿಬರುವವರು ಇತರ ಛಾಯಾಗ್ರಾಹಕರು, ಅವರು ನಿಮಗೆ ಮದುವೆ ಕೊಡುವುದಿಲ್ಲ. ಇನ್‌ಸ್ಟಾಗ್ರಾಂ ಬಿಸಿನೆಸ್ ಖಾತೆಯ ಇನ್‌ಸೈಟ್ಸ್ ಎಂಬ ಅಂಕಿಅಂಶದ ಪುಟದಲ್ಲಿ ಫಾಲೋವರ್ಸ್ ಯಾವ ಊರಿನವರೆಂದು ಸಿಗುತ್ತದೆ. ಶಿವಮೊಗ್ಗದ ಸ್ಟುಡಿಯೋದವರು ಮೊದಲು ನೋಡಬೇಕಾದ್ದು ಆ ಪಟ್ಟಿಯನ್ನು.

ಇನ್ನೊಂದು ತೊಡಕು ಸೂಕ್ಷ್ಮವಾದುದು. ವಧು ತನ್ನ ಆಲ್ಬಂ ಹಂಚಿಕೊಂಡಳು, ಆರು ತಿಂಗಳಲ್ಲಿ ಅವಳ ಮೂವರು ಗೆಳತಿಯರು ನಿಮ್ಮನ್ನೇ ಕರೆದರು ಎನ್ನಿ. ಅದು ಪೋಸ್ಟಿನ ಪ್ರಭಾವವೇ? ಅವರೆಲ್ಲ ಒಂದೇ ವಯಸ್ಸಿನವರು, ಒಂದೇ ಊರಿನವರು, ಖರ್ಚಿನ ಅಂದಾಜೂ ಒಂದೇ. ಪೋಸ್ಟ್ ಇಲ್ಲದಿದ್ದರೂ ಬರುತ್ತಿದ್ದರೇನೋ. ಸಂಶೋಧಕ ಸಿನಾನ್ ಅರಲ್ ತಂಡ 2009ರಲ್ಲಿ ಯಾಹೂ ಬಳಕೆದಾರರ ಮೇಲೆ ನಡೆಸಿದ ಅಧ್ಯಯನದಲ್ಲಿ, ಗೆಳೆಯರು ಮೊದಲೇ ಒಂದೇ ಬಗೆಯವರಾಗಿರುವುದನ್ನು ಕಳೆಯದೆ ಲೆಕ್ಕ ಹಾಕಿದರೆ ಪ್ರಭಾವ 300ರಿಂದ 700 ಪ್ರತಿಶತ ಉಬ್ಬಿ ಕಾಣುತ್ತದೆ ಎಂದು ಹೊರಬಿತ್ತು.

ಹಾಗಾಗಿ ನನ್ನ ಮಟ್ಟಿಗೆ ಪ್ರಭಾವ ಎಂದರೆ ಒಂದು ವ್ಯತ್ಯಾಸ: ಪೋಸ್ಟ್ ಹಾಕಿದಾಗ ಬಂದ ಎನ್‌ಕ್ವೈರಿಗಳಿಂದ, ಹಾಕದಿದ್ದರೂ ಬರುತ್ತಿದ್ದವನ್ನು ಕಳೆದರೆ ಉಳಿಯುವುದು. ಹಾಕದಿದ್ದರೆ ಏನಾಗುತ್ತಿತ್ತೆಂದು ತಿಳಿಯಲು ಕೆಲವೊಮ್ಮೆ ಹಾಕದೆ ಇರಲೇಬೇಕು. ವ್ಯಾಪಾರಿಗಳಿಗೆ ಇದು ಸಂಕಟದ ಮಾತು. ಆದರೆ ಆನ್‌ಲೈನ್ ಮಾರಾಟತಾಣ ಇಬೇ 2012ರಲ್ಲಿ ಅದನ್ನೇ ಮಾಡಿತು. ತನ್ನ ಹೆಸರು ಹುಡುಕಿದವರಿಗೆ ಯಾಹೂ, ಎಂಎಸ್‌ಎನ್ ಹುಡುಕುತಾಣಗಳಲ್ಲಿ ತೋರಿಸುತ್ತಿದ್ದ ಜಾಹೀರಾತನ್ನು ನಿಲ್ಲಿಸಿತು. ಅದರಿಂದ ಬರುತ್ತಿದ್ದ ಕ್ಲಿಕ್‌ಗಳಲ್ಲಿ 99.5 ಪ್ರತಿಶತ ಜಾಹೀರಾತಿಲ್ಲದ ಕೊಂಡಿಯಿಂದ ಪುಕ್ಕಟೆಯಾಗಿಯೇ ಬಂದವು! ಆಮೇಲೆ ಅಮೆರಿಕದ ಕೆಲವು ಪ್ರದೇಶಗಳಲ್ಲಿ ಮಾತ್ರ ಗೂಗಲ್ ಜಾಹೀರಾತು ನಿಲ್ಲಿಸಿದಾಗಲೂ ಮಾರಾಟ ಹೆಚ್ಚೇನೂ ಕದಲಲಿಲ್ಲ. ಇಬೇ ಪರಿಚಯವಿಲ್ಲದ ಹೊಸ ಗ್ರಾಹಕರ ವಿಷಯದಲ್ಲಿ ಜಾಹೀರಾತು ಕೆಲಸ ಮಾಡಿತ್ತು ಎಂಬುದನ್ನೂ ಮರೆಯಬಾರದು. ನಿನ್ನೆ ಮೊನ್ನೆ ಸ್ಟುಡಿಯೋ ತೆರೆದವರಿಗೆ ಅಷ್ಟು ಸಮಾಧಾನವಿದೆ.

ಸಣ್ಣ ಸ್ಟುಡಿಯೋ ಕೂಡ ಇಂಥ ಪ್ರಯೋಗ ಮಾಡಬಹುದು: ದಾವಣಗೆರೆಗೆ ಮಾತ್ರ ಜಾಹೀರಾತು ಕೊಟ್ಟು, ಶಿವಮೊಗ್ಗಕ್ಕೆ ಕೊಡದೆ ಎರಡೂ ಕಡೆಯ ಎನ್‌ಕ್ವೈರಿ ಎಣಿಸುವುದು, ಮುಂದಿನ ಸಲ ಊರು ಅದಲುಬದಲು ಮಾಡುವುದು. ಎರಡೂ ಕಡೆ ಒಂದೇ ಕಾಲದಲ್ಲಿ ಎಣಿಸಬೇಕು. ಆಷಾಢದಲ್ಲಿ ಸುಮ್ಮನಿದ್ದು ಶ್ರಾವಣದಲ್ಲಿ ಜಾಹೀರಾತು ಕೊಟ್ಟವರಿಗೆ ಜಾಹೀರಾತು ಫಲಿಸಿದಂತೆ ಕಂಡೇ ಕಾಣುತ್ತದೆ. ಫಲಿಸಿದ್ದು ಪಂಚಾಂಗ.

ಸಂಖ್ಯೆ ಚಿಕ್ಕದಿದ್ದಾಗ ಅದೃಷ್ಟದ ಆಟವೂ ಜೋರು. ತಿಂಗಳಿಗೆ ಸರಾಸರಿ 9 ಎನ್‌ಕ್ವೈರಿ ಬರುವಲ್ಲಿ ಯಾವ ಕಾರಣವೂ ಇಲ್ಲದೆ ಒಮ್ಮೆ 6, ಒಮ್ಮೆ 12 ಆಗುವುದು ಸಹಜ. ಹೀಗೆ ಬಿಡಿಬಿಡಿಯಾಗಿ ಬರುವ ಘಟನೆಗಳಲ್ಲಿ ಏರಿಳಿತ ಸುಮಾರಾಗಿ ಸರಾಸರಿಯ ವರ್ಗಮೂಲದಷ್ಟಿರುತ್ತದೆ. 9ಕ್ಕೆ ಅದು 3. ಒಂದು ತಿಂಗಳ 12 ನೋಡಿ ರೀಲ್ಸ್ ಗೆದ್ದಿತು ಎನ್ನುವವರು, ಮರುತಿಂಗಳ 6 ನೋಡಿ ಅಲ್ಗಾರಿದಂ ಅನ್ನು ಬೈಯುತ್ತಾರೆ. ಬುಕಿಂಗ್‌ಗಳು ಇನ್ನೂ ಕಡಿಮೆ ಇರುವುದರಿಂದ ಎನ್‌ಕ್ವೈರಿಗಳನ್ನೇ ಎಣಿಸಿ, ಒಂದೆರಡು ಸೀಸನ್ ಒಟ್ಟುಗೂಡಿಸುವುದು ವಾಸಿ.

ಜತೆಗೆ ಫೋನ್ ಮಾಡಿದ ಪ್ರತಿಯೊಬ್ಬರನ್ನೂ "ನಮ್ಮ ಬಗ್ಗೆ ಯಾರು ಹೇಳಿದ್ರು?" ಎಂದು ಕೇಳಿ ಡೈರಿಯಲ್ಲಿ ಬರೆದಿಡಿ. ಉತ್ತರವನ್ನು ಪೂರ್ತಿ ನಂಬಬೇಡಿ. "ಇನ್‌ಸ್ಟಾದಲ್ಲಿ ನೋಡಿದ್ವಿ" ಎನ್ನುವವರು ಚಿಕ್ಕಮ್ಮನ ಮನೆಯಲ್ಲಿ ಆಲ್ಬಂ ನೋಡಿದ ಮೇಲೆ ನಿಮ್ಮ ಹೆಸರು ಹುಡುಕಿರಬಹುದು. "ಹುಡುಕಿದ್ದು ಯಾಕೆ?" ಎಂದು ಇನ್ನೊಂದು ಪ್ರಶ್ನೆ ಕೇಳಿದರೆ ಚಿಕ್ಕಮ್ಮ ಹೊರಬರುತ್ತಾರೆ.