ಅಕ್ವೇರಿಯಂ ಗಿಡದ ಎಲೆ ಕರಗಿತು, ಕಿತ್ತು ಎಸೆಯಲಾ?

ಓದುಗರ ಪ್ರಶ್ನೆ: ನಮ್ಮ ಮನೆ ಮಡಿಕೇರಿಯಲ್ಲಿ. ಮೇ ಕೊನೆಗೆ ಮೈಸೂರಿನಿಂದ ಕ್ರಿಪ್ಟೋಕೊರೈನ್, ಜಾವಾ ಫರ್ನ್ ಎರಡನ್ನೂ ತಂದು ಎರಡಡಿ ಟ್ಯಾಂಕಿನಲ್ಲಿ ನೆಟ್ಟೆ. ಮಳೆ ಹಿಡಿದ ಮೇಲೆ ಕ್ರಿಪ್ಟೋಕೊರೈನ್ ಎಲೆಗಳು ಬೆಂದ ಸೊಪ್ಪಿನ ಹಾಗೆ ಮೆತ್ತಗಾಗಿ ಕರಗಿ ಹೋದವು. ಜಾವಾ ಫರ್ನ್ ಕೂಡ ಬುಡದಿಂದ ಕಪ್ಪಾಗುತ್ತಿದೆ. ಕಿತ್ತು ಎಸೆದು ಹೊಸ ಗಿಡ ತರಲಾ?

ದಯವಿಟ್ಟು ಎಸೆಯಬೇಡಿ. ಮೊದಲು ಬುಡ ನೋಡಿ.

ಮೆಣಸಿನ ಬಳ್ಳಿ ಸೊರಗಿದರೆ ತೋಟದವರು ಎಲೆ ನೋಡಿ ಸುಮ್ಮನಾಗುವುದಿಲ್ಲ, ಬಗ್ಗಿ ಬುಡ ನೋಡುತ್ತಾರೆ ಅಲ್ವಾ? ಇಲ್ಲೂ ಹಾಗೆಯೇ. ನೀರಿಗೆ ಕೈ ಹಾಕಿ, ಕ್ರಿಪ್ಟೋಕೊರೈನ್ ಬುಡದ ಸುತ್ತಲಿನ ಮರಳನ್ನು ಬೆರಳಿನಿಂದ ಸ್ವಲ್ಪ ಸರಿಸಿ. ಒಳಗೆ ಸಣ್ಣ ಶುಂಠಿ ತುಂಡಿನಂಥ ಗಡ್ಡೆ ಇರುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಗಟ್ಟಿ ಇದ್ದರೆ ಗಿಡ ಬದುಕಿದೆ, ಮೇಲೆ ಒಂದು ಎಲೆಯೂ ಇಲ್ಲದಿದ್ದರೂ ಸರಿ. ಒತ್ತಿದ ಕೂಡಲೇ ಪಿಚಕ್ಕನೆ ಒಡೆದು ಕೊಳೆತ ವಾಸನೆ ಬಂದರೆ ಮಾತ್ರ ಅದರ ಕಥೆ ಮುಗಿದಿದೆ. ಅರ್ಧ ಕೊಳೆತು ಅರ್ಧ ಗಟ್ಟಿ ಇದ್ದರೆ, ಹರಿತವಾದ ಬ್ಲೇಡಿನಲ್ಲಿ ಕೊಳೆತದ್ದನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಮತ್ತೆ ನೆಡಿ.

ಕ್ರಿಪ್ಟೋಕೊರೈನ್ ಕರಗುವುದು ರೋಗವಲ್ಲ. ಅದು ಈ ಗಿಡದ ಸ್ವಭಾವ. ನರ್ಸರಿಯಲ್ಲಿ ಇದನ್ನು ಹೆಚ್ಚಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಗಾಳಿಯಲ್ಲಿ ಬೆಳೆದ ಎಲೆ ನೀರಿನೊಳಗೆ ಬಾಳುವುದಿಲ್ಲ. ನೀರು, ಬೆಳಕು, ತಾಪಮಾನ, ಇದರಲ್ಲಿ ಯಾವುದು ತಟ್ಟನೆ ಬದಲಾದರೂ ಗಿಡ ಹಳೇ ಎಲೆಗಳನ್ನು ಬಿಟ್ಟುಕೊಟ್ಟು ಗಡ್ಡೆಯನ್ನು ಉಳಿಸಿಕೊಳ್ಳುತ್ತದೆ. ಅಂಗಡಿಗಳಲ್ಲಿ ಜಾಸ್ತಿ ಸಿಗುವ ವೆಂಡ್ಟಿಯೈ ಜಾತಿ ಶ್ರೀಲಂಕಾದ್ದು. ಇದರ ಬಳಗದ ರೆಟ್ರೋಸ್ಪೈರಾಲಿಸ್ ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಇದೆ. ಮಳೆಗಾಲಕ್ಕೆ ಉಕ್ಕಿ ಬೇಸಿಗೆಗೆ ಇಳಿಯುವ ಹೊಳೆಯ ಗಿಡಕ್ಕೆ ಎಲೆ ಕಳೆದುಕೊಳ್ಳುವುದು ಹೊಸದಲ್ಲ.

ಹಾಗಾಗಿ ಲೋಳೆಯಾದ ಎಲೆಗಳನ್ನು ಬುಡದವರೆಗೆ ಕತ್ತರಿಸಿ ಹೊರಗೆ ತೆಗೆಯಿರಿ. ಅವು ಅಲ್ಲೇ ಕೊಳೆತರೆ ನೀರಿನಲ್ಲಿ ಅಮೋನಿಯಾ ಏರಿ ಮೀನಿಗೆ ತೊಂದರೆ. ಅರ್ಧ ಹಸಿರಿರುವ ಎಲೆ ಇದ್ದರೆ ಇರಲಿ, ಗಿಡ ಅದರಿಂದ ಇನ್ನೂ ಸ್ವಲ್ಪ ಸತ್ವ ಹೀರಿಕೊಳ್ಳುತ್ತದೆ. ಗಡ್ಡೆಯನ್ನು ಮಾತ್ರ ಕದಲಿಸಬೇಡಿ. ಬೇರು ಬಂತಾ ಅಂತ ನಾನು ಮೊದಲ ಸಲ ವಾರಕ್ಕೊಮ್ಮೆ ಕಿತ್ತು ನೋಡುತ್ತಿದ್ದೆ. ಆ ಗಿಡ ಕೊನೆಗೂ ಉಳಿಯಲಿಲ್ಲ. ಇವತ್ತಿಗೂ ಅದು ನೆನಪಾದರೆ ಬೇಜಾರಾಗುತ್ತದೆ.

ಜಾವಾ ಫರ್ನ್ ವಿಷಯ ಬೇರೆ. ನೀವು "ನೆಟ್ಟೆ" ಎಂದು ಬರೆದಿದ್ದೀರಿ, ಸಮಸ್ಯೆ ಅಲ್ಲೇ ಇದೆ. ಇದರ ಕಾಂಡ ಅಡ್ಡಡ್ಡ ಹರಿಯುತ್ತದೆ, ಕಲ್ಲು ಮರ ಹಿಡಿದು ಬೆಳೆಯುತ್ತದೆ. ಮರಳಿನೊಳಗೆ ಹೂತರೆ ಕೊಳೆಯುತ್ತದೆ. ಇವತ್ತೇ ಮೇಲೆ ಎತ್ತಿ, ಕಪ್ಪಾಗಿ ಮೆತ್ತಗಾದ ಭಾಗ ಕತ್ತರಿಸಿ, ಉಳಿದ ಹಸಿರು ಕಾಂಡವನ್ನು ಒಂದು ಹೊಳೆಗಲ್ಲಿಗೆ ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿ. ದಾರ ಸವೆಯುವ ಹೊತ್ತಿಗೆ ಬೇರು ಕಲ್ಲು ಹಿಡಿದಿರುತ್ತದೆ. ಎಲೆಯ ಹಿಂಬದಿಯಲ್ಲಿ ಸಾಲಾಗಿ ಕಂದು ಚುಕ್ಕಿ ಕಂಡರೆ ಹೆದರಬೇಡಿ, ಅವು ಬೀಜಕಗಳ ಗುಂಪುಗಳು, ಫರ್ನ್‌ಗೆ ಬೀಜದ ಬದಲು ಇರುವಂಥವು. ಹಳೇ ಎಲೆಯ ತುದಿಯಲ್ಲಿ ಮರಿ ಗಿಡವೂ ಹುಟ್ಟಬಹುದು.

ಇನ್ನು ನಮ್ಮ ಊರಿನ ಮಳೆಗಾಲ. ಮಡಿಕೇರಿ ಸಮುದ್ರ ಮಟ್ಟದಿಂದ 1100 ಮೀಟರ್‌ಗಿಂತ ಎತ್ತರದಲ್ಲಿದೆ. ಜುಲೈನಲ್ಲಿ ಹೀಟರ್ ಇಲ್ಲದ ಟ್ಯಾಂಕಿನ ನೀರು 18–19 ಡಿಗ್ರಿಗೆ ಇಳಿಯುತ್ತದೆ. ಈ ಗಿಡಗಳಿಗೆ 22ರಿಂದ 26 ಹಿತ. ಚಳಿಗೆ ಅವು ಸಾಯುವುದಿಲ್ಲ, ಆದರೆ ಚಿಗುರುವುದನ್ನು ನಿಲ್ಲಿಸಿಬಿಡುತ್ತವೆ. ಎರಡಡಿ ಟ್ಯಾಂಕಿಗೆ 50 ವ್ಯಾಟ್ ಹೀಟರ್ ಸಾಕು. ಅದನ್ನು 23ಕ್ಕೆ ಇಡಿ. 27ಕ್ಕೆ ಇಟ್ಟರೆ ಕರೆಂಟ್ ಹೋದಾಗ ನೀರು ಒಮ್ಮೆಲೇ ತಣ್ಣಗಾಗುತ್ತದೆ, ಗಿಡಕ್ಕೆ ಮತ್ತೆ ಅದೇ ಆಘಾತ. ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ನಿಮಗೆ ಗೊತ್ತೇ ಇದೆ.

ಬೆಳಕಿನ ವಿಷಯಕ್ಕೆ ಬಂದರೆ, ಮೋಡದ ದಿನ ಕಿಟಕಿಯ ಬೆಳಕನ್ನು ನಂಬಬೇಡಿ. ಎಲ್‌ಇಡಿ ದೀಪ ದಿನಕ್ಕೆ ಆರು ಗಂಟೆ, ಹೊಸ ಎಲೆ ಬಂದ ಮೇಲೆ ಎಂಟು. ನಿನ್ನೆ ಕರೆಂಟ್ ಇರಲಿಲ್ಲ ಅಂತ ಇವತ್ತು ಹನ್ನೆರಡು ಗಂಟೆ ಹಾಕಿದರೆ ಪಾಚಿ ಬೆಳೆಯುತ್ತದೆ ಅಷ್ಟೇ.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಮನೆಯಲ್ಲಿ ಸ್ನಾನದ ಸೋಪು ಎಷ್ಟು ತೊಳೆದರೂ ಜಾರುತ್ತಾ? ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟದೆ ಇರುತ್ತಾ? ಹಾಗಾದರೆ ನಿಮ್ಮದು ಮೆದು ನೀರು. ಕುಡಿಯಲು ಸೊಗಸು, ಆದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ. ಹೊಸ ಎಲೆ ಮುರುಟಿಕೊಂಡು ಬಂದರೆ ಕ್ಯಾಲ್ಸಿಯಂ ಸಾಲದು. ಹಳೇ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಸಾಲದು. ಹಳೇ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಸಿಯಂ. ಹೊಸ ಎಲೆ ಬಿಳಿಚಿಕೊಂಡಿದ್ದರೆ ಕಬ್ಬಿಣ. ಇದಕ್ಕೆಲ್ಲ ಬೇರೆ ಬೇರೆ ಬಾಟಲಿ ಕೊಳ್ಳುವುದು ಬೇಡ. ಅಕ್ವೇರಿಯಂ ಗಿಡಗಳ ದ್ರವ ಗೊಬ್ಬರ ಒಂದನ್ನು ತಂದು, ಬಾಟಲಿಯ ಮೇಲೆ ಬರೆದಿರುವ ಅಳತೆಯ ಅರ್ಧದಿಂದ ಶುರು ಮಾಡಿ. ಜಾವಾ ಫರ್ನ್ ನೀರಿನಿಂದಲೇ ಸತ್ವ ಹೀರುತ್ತದೆ. ಕ್ರಿಪ್ಟೋಕೊರೈನ್ ಬೇರಿನಿಂದ ಉಣ್ಣುವ ಗಿಡ. ಅದರ ಬುಡದ ಪಕ್ಕ ಗೊಬ್ಬರದ ಗುಳಿಗೆಯೊಂದನ್ನು ಮರಳಿನ ಆಳಕ್ಕೆ ಒತ್ತಿ.

ತೋಟದ ಮನೆಯವರಿಗೆ ಎರಡು ಎಚ್ಚರಿಕೆಯ ಮಾತು. ಶೆಡ್ಡಿನಲ್ಲಿರುವ ಯೂರಿಯಾ ಚೀಲದಿಂದ ಒಂದು ಚಿಟಿಕೆಯನ್ನೂ ಟ್ಯಾಂಕಿಗೆ ಹಾಕಬೇಡಿ. ಅದು ಅಮೋನಿಯಾ ಆಗಿ ಮೀನು ಸಾಯುತ್ತದೆ. ಹಾಗೇ, ಮಳೆಗೆ ಮುಂಚೆ ಕಾಫಿಗೂ ಮೆಣಸಿಗೂ ಬೋರ್ಡೋ ಹೊಡೆದಿರುತ್ತಾರೆ. ಅದು ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ ದ್ರಾವಣ. ಮೈಲುತುತ್ತದಲ್ಲಿ ಇರುವುದು ತಾಮ್ರ. ಮೊದಲ ಮಳೆಗಳಲ್ಲಿ ಅದು ತೊಳೆದು ತೋಡಿಗೆ ಇಳಿಯಬಹುದು. ಬಸವನಹುಳಕ್ಕೆ, ಸೀಗಡಿಗೆ, ಸೂಕ್ಷ್ಮ ಗಿಡಗಳಿಗೆ ತಾಮ್ರ ವಿಷ. ಆ ದಿನಗಳಲ್ಲಿ ತೋಡಿನ ನೀರು ತರಬೇಡಿ, ಬಾವಿ ನೀರು ಬಳಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಬಕೆಟಿನಲ್ಲಿ ಒಂದು ದಿನ ಇಟ್ಟು ಹಾಕಿ. ವಾರಕ್ಕೆ ಕಾಲು ಭಾಗ ಬದಲಿಸಿದರೆ ಸಾಕು.

ಇಷ್ಟೆಲ್ಲ ಓದಿ ಎಲ್ಲವನ್ನೂ ಇವತ್ತೇ ಮಾಡಲು ಹೋಗಬೇಡಿ. ಇವತ್ತು ಕೊಳೆತದ್ದು ತೆಗೆದು ಫರ್ನ್ ಕಟ್ಟಿ. ಎರಡು ದಿನ ಬಿಟ್ಟು ಹೀಟರ್ ಹಾಕಿ, ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ. ಗೊಬ್ಬರ ಮುಂದಿನ ವಾರ. ಕತ್ತರಿಸಿದ ಎಲೆ, ಕಾಂಡ ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಿ, ತೋಡಿಗೋ ಕೆರೆಗೋ ಬಿಡಬೇಡಿ. ಹೊರಗಿನ ಗಿಡ ನಮ್ಮ ಹೊಳೆಯಲ್ಲಿ ಬೇರು ಬಿಟ್ಟರೆ ಆಮೇಲೆ ತೆಗೆಯುವುದು ಕಷ್ಟ.

ಕ್ರಿಪ್ಟೋಕೊರೈನ್ ಚಿಗುರಲು ಮೂರು ವಾರ ಹಿಡಿಯಬಹುದು, ಆರೂ ಆಗಬಹುದು. ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟ್‌ನಲ್ಲಿ, ಏನೂ ಕಾಣದಿದ್ದರೆ ಸೆಪ್ಟೆಂಬರ್ ಮೊದಲಿನ ಕೈಲ್ ಪೊಳ್ದ್ ಹಬ್ಬದ ತನಕ ಕಾಯಿರಿ. ಮೊದಲು ಮರಳಿನಿಂದ ಕೆಂಗಂದು ಬಣ್ಣದ ಮೊನೆಯೊಂದು ಮೇಲೆ ಬರುತ್ತದೆ, ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ. ಅದು ಬಿಚ್ಚಿಕೊಂಡಾಗ ಎಲೆ ಮೊದಲಿನದರ ಹಾಗೆ ಇರುವುದಿಲ್ಲ. ಕಿರಿದಾಗಿ, ತೆಳ್ಳಗೆ, ಅಂಚು ಸ್ವಲ್ಪ ಅಲೆಯಲೆಯಾಗಿ ಇರುತ್ತದೆ. ಅದು ನಿಮ್ಮ ಟ್ಯಾಂಕಿನ ನೀರಿನಲ್ಲೇ ಹುಟ್ಟಿದ ಎಲೆ. ನೀರು, ಬೆಳಕು, ತಾಪಮಾನ ತಟ್ಟನೆ ಬದಲಾಗದಿದ್ದರೆ ಅದು ಕರಗುವುದಿಲ್ಲ.